ವೇದಿಕೆ ಇಳಿದ ಮೇಲಿನ ರಾತ್ರಿಗಳು: ಒಬ್ಬ ಯುವ ಗಾಯಕರ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಇಪ್ಪತ್ತರ ಕೊನೆಯಲ್ಲಿರುವ ಈ ಗಾಯಕರನ್ನು ಅವರ ಅಕ್ಕ ಆಪ್ತಸಲಹೆಗಾಗಿ ನನ್ನ ಬಳಿಗೆ ಕರೆತಂದರು. ತಾವೇ ಬರೆದು, ರಾಗ ಹಾಕಿ ಹಾಡಿದ ಒಂದು ಹಾಡು ಯೂಟ್ಯೂಬ್‌ನಲ್ಲಿ ಜನಪ್ರಿಯವಾದ ಬಳಿಕ ಗಣೇಶೋತ್ಸವ, ರಾಜ್ಯೋತ್ಸವ, ಕಾಲೇಜು ಸಮಾರಂಭಗಳಿಂದ ಬಿಡುವಿಲ್ಲದೆ ಕರೆ ಬರತೊಡಗಿತು. ಮುಂಗಡದ ಹಣ ಕೈಸೇರುತ್ತಿದ್ದಂತೆ ದೊಡ್ಡ ಕಾರು, ದುಬಾರಿ ಬಾಡಿಗೆಯ ಫ್ಲ್ಯಾಟು, ಪ್ರತಿ ಕಾರ್ಯಕ್ರಮದ ನಂತರ ತಂಡಕ್ಕೆಲ್ಲ ಪಾರ್ಟಿ ಎಂದಾಯಿತು. ಎರಡನೆಯ ಹಾಡು ಓಡಲಿಲ್ಲ, ಕಾರಿನ ಕಂತು ನಿಲ್ಲಲಿಲ್ಲ. ನನ್ನಲ್ಲಿಗೆ ಬರುವ ಹೊತ್ತಿಗೆ ನಿದ್ರೆ ಕೆಟ್ಟಿತ್ತು, ಬೆಳಿಗ್ಗೆ ಕೈ ನಡುಗುತ್ತಿತ್ತು, ರಿಯಾಜ್ ನಿಂತೇ ಹೋಗಿತ್ತು. ಮಾತನಾಡುವಾಗಲೂ ಫೋನು ತೊಡೆಯ ಮೇಲಿತ್ತು. ಹೆಬ್ಬೆರಳು ಪರದೆಯನ್ನು ಮತ್ತೆ ಮತ್ತೆ ಕೆಳಗೆಳೆದು ವೀಕ್ಷಣೆಯ ಸಂಖ್ಯೆಯನ್ನು ನೋಡುತ್ತಲೇ ಇತ್ತು.

ಇದು ದುಡ್ಡಿನ ಮದವೆಂದು ಮನೆಯವರು ತೀರ್ಮಾನಿಸಿದ್ದರು. ನಾನು ಒಪ್ಪಲಿಲ್ಲ. "ಮೇಡಂ, ಸ್ಟೇಜ್ ಇಳಿದ ಮೇಲೂ ಎದೆ ಹೊಡ್ಕೋತಾನೇ ಇರುತ್ತೆ, ಎರಡು ಪೆಗ್ ಹಾಕಿದ್ರೇನೇ ಸಮಾಧಾನ" ಎಂದು ಅವರೇ ಹೇಳಿದ್ದರು. ಸಾವಿರಾರು ಜನರ ಶಿಳ್ಳೆಯ ನಡುವೆ ಎರಡು ಗಂಟೆ ಹಾಡಿ ಕುಣಿದ ದೇಹ ಒಮ್ಮೆಲೇ ತಣಿಯುವುದಿಲ್ಲ. ಕೊನೆಯ ಸಲ ಕುಡಿದು ಖುಷಿಯಾಗಿದ್ದು ಯಾವಾಗ ಎಂದು ಕೇಳಿದೆ; ಅವರಿಗೆ ನೆನಪಾಗಲಿಲ್ಲ. ಹೊರಗಿನವರಿಗೆ ಭೋಗವಾಗಿ ಕಾಣುತ್ತಿದ್ದುದು ಅವರ ಪಾಲಿಗೆ ಮದ್ದಾಗಿಬಿಟ್ಟಿತ್ತು.

ಮೊದಲ ಸಲಹೆ ಮದ್ಯದ ಕುರಿತದ್ದು. ಬೆಳಗಿನ ಕೈನಡುಕವಿರುವವರು ಹಠ ತೊಟ್ಟು ಒಂದೇ ದಿನ ಕುಡಿತ ನಿಲ್ಲಿಸಿದರೆ ಫಿಟ್ಸ್, ಭ್ರಮೆಯಂಥ ಅಪಾಯಗಳಿರುವುದರಿಂದ, ವೈದ್ಯರ ನಿಗಾದಲ್ಲೇ ಬಿಡಬೇಕೆಂದು ಸ್ಪಷ್ಟವಾಗಿ ತಿಳಿಸಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಪತ್ರ ಕೊಟ್ಟೆ. ಅಪರಾತ್ರಿ ಮನಸ್ಸು ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಕ್ಕನಿಗೂ ಬರೆದುಕೊಟ್ಟೆ. ಕಾರ್ಯಕ್ರಮ ಮುಗಿದೊಡನೆ ಊಟ ಮಾಡಿ, ಕುಡಿಯದ ಒಬ್ಬ ವಾದ್ಯಗಾರರ ಜೊತೆ ಹೊರಟುಬಿಡಬೇಕು. ಬೆಳಿಗ್ಗೆ ಸ್ವಲ್ಪ ಹೊತ್ತು, ರೆಕಾರ್ಡ್ ಮಾಡದೆ, ಬರಿಯ ಶ್ರುತಿಗೆ ಹಾಡಬೇಕು.

ಹಣದ ಭಯಕ್ಕೆ ಬೇರೆ ಕಾರಣವೂ ಇತ್ತು. ಒಂದಿಷ್ಟು ಇಡಿಗಂಟು ಪಡೆದು ಸಂಗೀತ ಕಂಪನಿಗೆ ಎಲ್ಲ ಹಕ್ಕು ಬರೆದುಕೊಟ್ಟಿದ್ದರಿಂದ, ಆ ಹಾಡಿನಿಂದ ಇನ್ನೇನೂ ಬಾರದೆಂದು ಅವರು ನಂಬಿದ್ದರು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಗೀತರಚನಕಾರರೂ ಸಂಗೀತ ಸಂಯೋಜಕರೂ ರಾಯಧನದ (ಹಾಡಿನ ಬಳಕೆಗೆ ಸಿಗುವ ರಾಯಲ್ಟಿಯ) ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ಕರಾರುಪತ್ರವನ್ನು ವಕೀಲರಿಗೆ ತೋರಿಸಿ, ಗೀತರಚನಕಾರರು, ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವದ ಬಗ್ಗೆ ವಿಚಾರಿಸಲು ಹೇಳಿದೆ. ಆ ದಿನ ಅವರು ಫೋನನ್ನು ಮರೆತು ಕೇಳಿಸಿಕೊಂಡ ಮಾತು ಇದೊಂದೇ.

ವೈದ್ಯರನ್ನು ಕಾಣಲು ಒಪ್ಪಿದರು; ಕಾರು ಮಾರಲು ಒಪ್ಪಲಿಲ್ಲ. ಮಾರಿದರೆ ಮಾರುಕಟ್ಟೆ ಇಳಿದಿದೆಯೆಂದು ಆಯೋಜಕರು ಸಂಭಾವನೆ ತಗ್ಗಿಸುತ್ತಾರೆಂಬುದು ಅವರ ಆತಂಕ, ಅದರಲ್ಲಿ ಹುರುಳಿಲ್ಲದಿಲ್ಲ. ಒತ್ತಾಯಿಸಲಿಲ್ಲ. ಆದಾಯ, ಬಾಡಿಗೆ, ಕಂತುಗಳ ಲೆಕ್ಕವನ್ನು ಅಕ್ಕನ ಜೊತೆ ಕುಳಿತು ಬರೆದು ಮುಂದಿನ ಭೇಟಿಗೆ ತರಬೇಕೆಂದಷ್ಟೇ ಹೇಳಿದ್ದೇನೆ.