ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರೆ ಸಾಲದು, ಮನೆಯೂ ಅದರ ಹೆಸರಿಗೆ ಹೋಗಬೇಕು

ತಂಗಿ, ಯುಗಾದಿ ಊಟದ ದಿನ ನೀನು ಕೇಳಿದ್ದಕ್ಕೆ ಆ ಗದ್ದಲದಲ್ಲಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಫ್ರೀಮಾಂಟ್‌ನಲ್ಲಿ ಮನೆ ತಗೊಂಡಿದ್ದೀರಿ, ಮಗುವಿಗೆ ಎರಡು ವರ್ಷ, ಇಬ್ಬರೂ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀರಿ. ವಿಲ್ ಬರೆದರೆ ಸಾಲದಾ ಅಕ್ಕಾ, ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿ ಸೇರಿಸಿಡುವ ಟ್ರಸ್ಟ್) ಬೇಕೇ ಬೇಕಾ ಅಂತ ಕೇಳಿದ್ದೆ. ಬೇಕು ಅಂತಲೇ ನಾನು ಹೇಳುತ್ತೇನೆ.

ಬಿಡ್ತು ಅಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಿಬ್ಬರಿಗೂ ಏನಾದರೂ ಆಯಿತು, ಬರೀ ವಿಲ್ ಇದೆ ಅಂದುಕೋ. ಕ್ಯಾಲಿಫೋರ್ನಿಯಾದಲ್ಲಿ ಮನೆ ಪ್ರೊಬೇಟ್ ಕೋರ್ಟಿಗೆ, ಅಂದರೆ ತೀರಿಹೋದವರ ಆಸ್ತಿ ಹಂಚಿಕೆ ನೋಡುವ ಕೋರ್ಟಿಗೆ ಹೋಗುತ್ತದೆ. ವಕೀಲರ ಫೀಸನ್ನು ಕಾನೂನೇ ಗೊತ್ತುಮಾಡಿದೆ. ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2, ಆಮೇಲೆ ಶೇ. 1. ಮನೆ 15 ಲಕ್ಷ ಡಾಲರಿನದಾದರೆ 28,000 ಆಯಿತು. ವಿಲ್ ಜಾರಿ ಮಾಡುವವರೂ ಅಷ್ಟೇ ತೆಗೆದುಕೊಳ್ಳಬಹುದು. ಇದು ಮನೆಯ ಪೂರ್ತಿ ಬೆಲೆಯ ಮೇಲಿನ ಲೆಕ್ಕ. ಅದರಲ್ಲಿ 12 ಲಕ್ಷ ಬ್ಯಾಂಕಿನ ಸಾಲ ಇದ್ದರೂ ಕಳೆಯುವುದಿಲ್ಲ. 2025ರ ಏಪ್ರಿಲ್‌ನಿಂದ 7.5 ಲಕ್ಷ ಡಾಲರ್‌ವರೆಗಿನ ಸ್ವಂತ ವಾಸದ ಮನೆಗೆ ಸುಲಭದ ದಾರಿ ಮಾಡಿದ್ದಾರೆ, ನಿಜ. ಆದರೆ ನಿಮ್ಮ ಕಡೆ ಆ ಬೆಲೆಗೆ ಮನೆ ಸಿಗುವುದೇ ಕಷ್ಟ ಅಲ್ವಾ?

ಲಿವಿಂಗ್ ಟ್ರಸ್ಟಿನ ಹೆಸರಿನಲ್ಲಿರುವ ಆಸ್ತಿಗೆ ಈ ಕೋರ್ಟಿನ ದಾರಿ ತಪ್ಪುತ್ತದೆ. ನಾನು ಹೇಳುತ್ತಿರುವುದು ರಿವೋಕಬಲ್ ಟ್ರಸ್ಟ್, ಅಂದರೆ ನೀವು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಾಯಿಸಬಹುದು, ರದ್ದೂ ಮಾಡಬಹುದು. ಟ್ರಸ್ಟಿಗಳೂ, ಅಂದರೆ ಆ ಆಸ್ತಿ ನೋಡಿಕೊಳ್ಳುವವರೂ ನೀವೇ. ಟ್ಯಾಕ್ಸ್ ಕೂಡ ಈಗಿನ ಹಾಗೇ, ನಿಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರಿನಲ್ಲೇ ನಡೆಯುತ್ತದೆ. ಇದರಿಂದ ಟ್ಯಾಕ್ಸ್ ಉಳಿಯುತ್ತದೆ, ಸಾಲಗಾರರಿಂದ ರಕ್ಷಣೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವಕೀಲರು ದಪ್ಪ ಫೈಲ್ ಕೊಡುತ್ತಾರೆ, ಸಹಿ ಹಾಕಿ ಕಪಾಟಿನಲ್ಲಿ ಇಟ್ಟು ಬಿಡುತ್ತೇವೆ. ಅಷ್ಟಕ್ಕೇ ಬಿಟ್ಟರೆ, ಹೊಸ ಬೀರು ತಂದಿಟ್ಟು ಒಡವೆಯನ್ನು ಹಾಸಿಗೆ ಕೆಳಗೇ ಬಿಟ್ಟ ಹಾಗೆ. ಆಸ್ತಿ ಟ್ರಸ್ಟಿನ ಹೆಸರಿಗೆ ಹೋಗಬೇಕು. ಇದಕ್ಕೆ ಇಲ್ಲಿ ಫಂಡಿಂಗ್ ಅನ್ನುತ್ತಾರೆ. ಮನೆಗೆ ಹೊಸ ಡೀಡ್ (ಮಾಲೀಕತ್ವದ ಪತ್ರ) ಮಾಡಿಸಿ, ನೋಟರಿ ಎದುರು ಸಹಿ ಹಾಕಿ, ಅಲಮೀಡಾ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲು ಮಾಡಿಸಬೇಕು. ಪ್ರಾಪರ್ಟಿ ಟ್ಯಾಕ್ಸ್ ಏರುವುದಿಲ್ಲ. ಸ್ವಂತ ಟ್ರಸ್ಟಿಗೆ ಹೋದರೆ ಪ್ರಾಪರ್ಟಿ ಟ್ಯಾಕ್ಸ್ ಏರಿಕೆಗೆ ಮಿತಿ ಹಾಕಿರುವ ಪ್ರೊಪೊಸಿಷನ್ 13ರ ಲೆಕ್ಕದಲ್ಲಿ ಮಾಲೀಕರು ಬದಲಾದ ಹಾಗಲ್ಲ. ಬ್ಯಾಂಕಿನವರು ಪೂರ್ತಿ ಸಾಲ ಈಗಲೇ ಕಟ್ಟಿ ಅಂದರೆ ಏನು ಗತಿ ಅಂತ ಹೆದರಬೇಡ. ನೀವೇ ವಾಸವಿರುವ ಮನೆಯನ್ನು ನಿಮ್ಮದೇ ಟ್ರಸ್ಟಿಗೆ ಸೇರಿಸಿದರೆ ಹಾಗೆ ಕೇಳುವಂತಿಲ್ಲ, 1982ರ ಗಾರ್ನ್-ಸೇಂಟ್ ಜರ್ಮೇನ್ ಕಾನೂನೇ ಅದನ್ನು ತಡೆದಿದೆ. ಮನೆಯ ಇನ್ಶೂರೆನ್ಸ್‌ನವರಿಗೆ ಮಾತ್ರ ತಪ್ಪದೆ ತಿಳಿಸು.

ನಮಗೆ ಆಗಿದ್ದನ್ನು ಹೇಳುತ್ತೇನೆ. ನಾವು 2012ರಲ್ಲೇ ಟ್ರಸ್ಟ್ ಮಾಡಿಸಿ ಮನೆ ಸೇರಿಸಿದ್ದೆವು. 2020ರಲ್ಲಿ ಬಡ್ಡಿ ಇಳಿಯಿತು, ರಿಫೈನಾನ್ಸ್ (ಹಳೇ ಸಾಲ ತೀರಿಸಿ ಕಡಿಮೆ ಬಡ್ಡಿಯ ಹೊಸ ಸಾಲ) ಮಾಡಿಸಿದೆವು. ಸಾಲ ಕೊಡುವವರು ಮನೆಯನ್ನು ಟ್ರಸ್ಟಿನಿಂದ ತೆಗೆದು ನಮ್ಮ ಹೆಸರಿಗೆ ತರಬೇಕು ಅಂದರು, ತಂದೆವು. ಸಾಲ ಆದ ಮೇಲೆ ವಾಪಸ್ ಸೇರಿಸಬೇಕು ಅಂತ ಅವರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಮೂರು ವರ್ಷ ಆದ ಮೇಲೆ ನಮ್ಮ ಯಜಮಾನರಿಗೆ ಆಪರೇಷನ್ ಅಂತ ಗೊತ್ತಾದಾಗ ಕಾಗದ ಎಲ್ಲ ತೆಗೆದು ನೋಡಿದೆ. ಡೀಡ್‌ನಲ್ಲಿ ನಮ್ಮಿಬ್ಬರ ಹೆಸರು ಮಾತ್ರ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಪರೇಷನ್‌ಗೆ ಮೊದಲೇ ಓಡಾಡಿ ಸರಿ ಮಾಡಿಸಿದೆವು. ನೀವು ಮುಂದೆ ರಿಫೈನಾನ್ಸ್ ಮಾಡಿಸಿದರೆ ಇದನ್ನು ಮರೆಯಬೇಡಿ.

ಬ್ಯಾಂಕ್ ಉಳಿತಾಯ, ಷೇರು ಖಾತೆಗಳನ್ನೂ ಟ್ರಸ್ಟಿನ ಹೆಸರಿಗೆ ಮಾಡಿಸಿ. ನಿವೃತ್ತಿ ಉಳಿತಾಯದ ಖಾತೆಗಳಾದ 401ಕೆ, ಐಆರ್‌ಎ ಮಾತ್ರ ಹಾಗೆ ಮಾಡುವ ಹಾಗಿಲ್ಲ. ಅವುಗಳಲ್ಲಿ ಬೆನಿಫಿಷಿಯರಿ (ನಿಮ್ಮ ನಂತರ ದುಡ್ಡು ಸೇರಬೇಕಾದವರ) ಹೆಸರು ಸರಿಯಾಗಿದೆಯಾ ಅಂತ ನೋಡಿಕೊಂಡರೆ ಸಾಕು. ಮದುವೆಗೆ ಮುಂಚೆ ಅಪ್ಪನ ಹೆಸರು ಬರೆದಿದ್ದು ಹಾಗೇ ಇರುತ್ತದೆ, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮಗುವಿನ ವಿಷಯ ನನಗೆ ದುಡ್ಡಿಗಿಂತ ಜಾಸ್ತಿ. ಗಾರ್ಡಿಯನ್ ಯಾರು ಅನ್ನುವುದನ್ನು ಟ್ರಸ್ಟಿನ ಜೊತೆ ಮಾಡುವ ವಿಲ್‌ನಲ್ಲಿ ಬರೆಯಬೇಕು. ನಿಮ್ಮ ಅಮ್ಮನ ಹೆಸರು ಹಾಕುತ್ತೀಯ, ಸರಿ. ಅವರಿಗೆ ವೀಸಾ ಸಿಕ್ಕಿ ಇಲ್ಲಿಗೆ ಬರುವವರೆಗೆ ಮಗು ಯಾರ ಮನೆಯಲ್ಲಿ ಇರಬೇಕು? ಹತ್ತಿರದ ಒಬ್ಬ ಸ್ನೇಹಿತರನ್ನು ಕೇಳಿ, ಅವರ ಹೆಸರನ್ನೂ ತಾತ್ಕಾಲಿಕ ಅಂತ ಬರೆಸು. ನಿಮ್ಮ ನಂತರದ ಟ್ರಸ್ಟಿಯಾಗಿ ಬೆಂಗಳೂರಿನಲ್ಲಿರುವ ಅಣ್ಣನನ್ನು ಹಾಕುವ ಮೊದಲೂ ವಕೀಲರನ್ನು ಕೇಳು. ಹೊರದೇಶದವರ ಕೈಗೆ ಅಧಿಕಾರ ಹೋದರೆ ಟ್ಯಾಕ್ಸ್ ಇಲಾಖೆ ಅದನ್ನು ವಿದೇಶಿ ಟ್ರಸ್ಟ್ ಅಂತ ಎಣಿಸಬಹುದು. ವೀಸಾ ಸ್ಥಿತಿಯನ್ನೂ ಮುಚ್ಚಿಡದೆ ಹೇಳು. ಎಸ್ಟೇಟ್ ಟ್ಯಾಕ್ಸ್ (ತೀರಿಹೋದವರ ಆಸ್ತಿ ಮೇಲಿನ ತೆರಿಗೆ) ವಿನಾಯಿತಿ ಇಲ್ಲೇ ನೆಲೆಸಿದವರಿಗೆ 2026ರಲ್ಲಿ 1.5 ಕೋಟಿ ಡಾಲರ್. ಇಲ್ಲಿ ನೆಲೆಸಿಲ್ಲ ಅಂತ ತೀರ್ಮಾನವಾದ ವಿದೇಶಿಯರಿಗೆ ಬರೀ 60,000.

ಊರಿನ ಸೈಟನ್ನು ಈ ಟ್ರಸ್ಟಿಗೆ ಎಳೆದು ತರಬೇಡ. ಅದಕ್ಕೆ ಇಬ್ಬರು ಸಾಕ್ಷಿಗಳನ್ನು ಇಟ್ಟುಕೊಂಡು ಭಾರತದಲ್ಲಿ ಬೇರೆ ವಿಲ್ ಮಾಡಿಸು. ಇಲ್ಲಿನ ವಿಲ್‌ನಲ್ಲಿ ‘ಹಿಂದಿನ ಎಲ್ಲ ವಿಲ್‌ಗಳೂ ರದ್ದು’ ಅನ್ನುವ ಸಾಲು ಇರುತ್ತದೆ. ಭಾರತದ್ದನ್ನು ಬಿಟ್ಟು ಅಂತ ಅದಕ್ಕೆ ಸೇರಿಸಲು ವಕೀಲರಿಗೆ ಹೇಳು.

ಮನೆಯ ಗ್ರಾಂಟ್ ಡೀಡ್ ತಗೊಂಡು ಭಾನುವಾರ ಇಬ್ಬರೂ ಬನ್ನಿ. ಅದರಲ್ಲಿ ನಿಮ್ಮ ಹೆಸರು ಹೇಗೆ ಬರೆದಿದ್ದಾರೆ ಅಂತ ಮೊದಲು ನೋಡೋಣ. ನಮ್ಮ ಫೈಲೂ ತೆಗೆದಿಟ್ಟಿರುತ್ತೇನೆ.