ಎತ್ತಿಕೊಂಡರೂ ಎಚ್ಚರಗೊಳ್ಳದ ಫೆರೆಟ್

ಪ್ರಶ್ನೆ: ನಮ್ಮ ಮನೆಯ ಗಂಡು ಫೆರೆಟ್‌ಗೆ (ಮುಂಗುಸಿಯಂತೆ ಕಾಣುವ ಸಣ್ಣ ಸಾಕುಪ್ರಾಣಿ) ಈಗ ನಾಲ್ಕು ವರ್ಷ. ಮೊನ್ನೆ ಮಧ್ಯಾಹ್ನ ಮಲಗಿದ್ದ ಅದನ್ನು ಎತ್ತಿಕೊಂಡಾಗ ತಲೆ, ಕಾಲುಗಳೆಲ್ಲ ಜೋತುಬಿದ್ದಿದ್ದವು. ಹೆಸರು ಹಿಡಿದು ಕರೆದರೂ ಮೈ ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಸತ್ತೇಹೋಯಿತೆಂದು ಮಗಳು ಅಳತೊಡಗಿದಳು. ಕೆಲವು ನಿಮಿಷಗಳಾದ ಮೇಲೆ ಅದು ಆಕಳಿಸಿ, ಒಮ್ಮೆ ಮೈ ನಡುಗಿಸಿ, ಏನೂ ಆಗದಂತೆ ಆಟಕ್ಕಿಳಿಯಿತು. ಇದು ಕಾಯಿಲೆಯೇ? ಮತ್ತೆ ಹೀಗಾದರೆ ಏನು ಮಾಡಬೇಕು?

ಉತ್ತರ: ನೀವು ವಿವರಿಸಿರುವುದನ್ನು ನೋಡಿದರೆ ಇದು ಗಾಢನಿದ್ರೆಯೇ ಇರಬೇಕು, ಫೆರೆಟ್ ಸಾಕುವವರು ಇದನ್ನು ‘ಡೆಡ್ ಸ್ಲೀಪ್’ ಎಂದೇ ಕರೆಯುತ್ತಾರೆ, ಮತ್ತು ಮೊದಲ ಸಲ ಕಂಡವರೆಲ್ಲ ನಿಮ್ಮ ಮಗಳಂತೆಯೇ ಹೆದರುತ್ತಾರೆ. ಆರೋಗ್ಯವಂತ ಫೆರೆಟ್ ದಿನಕ್ಕೆ 14ರಿಂದ 18 ಗಂಟೆ ನಿದ್ರಿಸುತ್ತದೆ. ಆ ನಿದ್ರೆಯ ನಡುವೆ ಆಗಾಗ ಸ್ನಾಯುಗಳೆಲ್ಲ ಸಡಿಲಗೊಂಡು, ಉಸಿರು ಕಣ್ಣಿಗೆ ಕಾಣದಷ್ಟು ನಿಧಾನವಾಗುವುದುಂಟು. ಎದ್ದೊಡನೆ ಮೈ ನಡುಗುವುದೂ ಸಹಜವೇ. ನಿದ್ರೆಯಲ್ಲಿ ತುಸು ಇಳಿದ ದೇಹದ ಉಷ್ಣತೆ ಮತ್ತೆ ಏರುವಾಗ ಹಾಗಾಗುತ್ತದೆ.

ನಿದ್ರೆ ಎಷ್ಟು ಗಾಢವಾಗಿತ್ತು ಎಂಬುದಕ್ಕಿಂತ ಪ್ರಾಣಿ ಹೇಗೆ ಎದ್ದಿತು ಎಂಬುದನ್ನೇ ನಾನು ಮೊದಲು ಕೇಳುತ್ತೇನೆ. ಗಾಢನಿದ್ರೆಯಿಂದ ಎದ್ದದ್ದು ಸ್ವಲ್ಪ ಹೊತ್ತು ಮಂಕಾಗಿದ್ದರೂ ಬೇಗನೆ ಚುರುಕಾಗುತ್ತದೆ. ಹಾಗಾಗದೆ, ಎದ್ದ ಮೇಲೂ ಶೂನ್ಯದತ್ತ ದಿಟ್ಟಿಸುವುದು, ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಳ್ಳುವುದು, ಹಿಂಗಾಲುಗಳನ್ನು ಎಳೆದುಕೊಂಡು ನಡೆಯುವುದು ಕಂಡುಬಂದರೆ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದಿರುವ ಶಂಕೆ ಬರುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಬೆಳೆಯುವ ಇನ್ಸುಲಿನೋಮಾ ಎಂಬ ಗೆಡ್ಡೆ ಮಿತಿಮೀರಿ ಇನ್ಸುಲಿನ್ ಸುರಿಸುವುದೇ ಇದಕ್ಕೆ ಸಾಮಾನ್ಯ ಕಾರಣ. ಮೂರು ವರ್ಷ ದಾಟಿದ ಫೆರೆಟ್‌ಗಳಲ್ಲಿ ಇದು ಅಪರೂಪವೇನಲ್ಲ.

ಮತ್ತೆ ಹೀಗಾದಾಗ ಮೊದಲು ಮೇಲ್ದುಟಿಯನ್ನು ಎತ್ತಿ ಒಸಡು ನೋಡಿ. ಅದು ನಸುಗೆಂಪಾಗಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೈ ಬೆಚ್ಚಗಿದೆಯೇ ಎಂದು ಮುಟ್ಟಿ, ಮುಂಗಾಲಿನ ಹಿಂದೆ ಎದೆಗೆ ಬೆರಳಿಟ್ಟು ಬಡಿತವನ್ನು ಗಮನಿಸಿ. ಎಚ್ಚರವಿದ್ದಾಗ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುವ ಹೃದಯವದು, ಆದ್ದರಿಂದ ಎಣಿಸಲು ಹೆಣಗಬೇಡಿ, ಬಡಿತ ಇದೆಯೆಂದು ತಿಳಿದರೆ ಸಾಕು. ಇವೆಲ್ಲ ಸರಿಯಿದ್ದರೆ ಮೈ ಸವರುತ್ತ ಮಾತನಾಡಿಸಿ, ಇಷ್ಟದ ಮಾಂಸವನ್ನೋ ಮೀನಿನ ಎಣ್ಣೆಯನ್ನೋ ಮೂಗಿನ ಬಳಿ ಹಿಡಿಯಿರಿ. ಕೂಗಿಗೆ ಏಳದ್ದು ವಾಸನೆಗೆ ಏಳುವುದು ಫೆರೆಟ್‌ನ ಮಟ್ಟಿಗೆ ಮಾಮೂಲು. ನೀರು ಎರಚಬೇಡಿ, ಜೋರಾಗಿ ಅಲುಗಾಡಿಸಬೇಡಿ. ಬೆಚ್ಚಿಬಿದ್ದ ಫೆರೆಟ್ ಕಚ್ಚಬಹುದು.

ಅಷ್ಟಾದರೂ ಏಳದಿದ್ದರೆ, ಅಥವಾ ಮೇಲಿನ ಲಕ್ಷಣಗಳಿದ್ದರೆ, ಸ್ವಲ್ಪ ಜೇನುತುಪ್ಪವನ್ನು ಒಸಡಿಗೆ ಸವರಿ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸೆಳವು (ಫಿಟ್ಸ್) ಬಂದಿದ್ದರೆ ಬೆರಳನ್ನು ಹಲ್ಲುಗಳ ನಡುವೆ ಹಾಕಬಾರದು. ಪ್ರಜ್ಞೆಯಿಲ್ಲದ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಲೂ ಬಾರದು. ಜೇನಿನಿಂದ ಚೇತರಿಸಿಕೊಂಡಿತೆಂದು ಸುಮ್ಮನಾಗಬೇಡಿ: ಸಿಹಿ ಸಿಕ್ಕೊಡನೆ ಗೆಡ್ಡೆ ಇನ್ನಷ್ಟು ಇನ್ಸುಲಿನ್ ಬಿಡುವುದರಿಂದ ಸಕ್ಕರೆ ಪುನಃ ಕುಸಿಯಬಹುದು. ಎಚ್ಚರವಾದ ಮೇಲೆ ಮಾಂಸಾಧಾರಿತ ಆಹಾರವನ್ನು ತಿನ್ನಿಸಬೇಕು. ದಿನನಿತ್ಯದ ತಿನಿಸಾಗಿಯಂತೂ ಸಿಹಿ ಇದಕ್ಕೆ ಸಲ್ಲದು. ಸೆಕೆಗಾಲದಲ್ಲಿ ಇನ್ನೊಂದು ಎಚ್ಚರಿಕೆ: 30 ಡಿಗ್ರಿ ಸೆಲ್ಸಿಯಸ್ ಮೀರಿದ ಕೋಣೆಯಲ್ಲಿ ಏದುಸಿರು ಬಿಡುತ್ತ ಮೈ ಸುಡುವಂತೆ ಬಿದ್ದಿದ್ದರೆ ಅದು ನಿದ್ರೆಯಲ್ಲ, ಉಷ್ಣಾಘಾತ.

ಸದ್ಯಕ್ಕೆ ಗಾಬರಿಯ ಕಾರಣ ನನಗೆ ಕಾಣುತ್ತಿಲ್ಲ. ಆದರೂ ನಾಲ್ಕು ವರ್ಷವೆಂದಿದ್ದೀರಿ, ಹಾಗಾಗಿ ಒಮ್ಮೆ ರಕ್ತದ ಸಕ್ಕರೆ ಪರೀಕ್ಷಿಸಿಡುವುದು ಒಳ್ಳೆಯದು. ಇದಕ್ಕೆ ವೈದ್ಯರ ಸಲಹೆಯಂತೆ ಮೂರು-ನಾಲ್ಕು ಗಂಟೆಯ ಉಪವಾಸ ಸಾಕು. ಇಷ್ಟು ಹೊತ್ತಿಗೆ ಫೆರೆಟ್‌ನ ಕರುಳು ಖಾಲಿಯಾಗಿರುತ್ತದೆ, ರಾತ್ರಿಯಿಡೀ ಹಸಿದಿರಿಸುವುದು ಅಪಾಯಕರ. ಸಕ್ಕರೆಯ ಪ್ರಮಾಣ ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 60 ಮಿಲಿಗ್ರಾಂಗಿಂತ ಕೆಳಗಿಳಿದಿದ್ದರೆ ಇನ್ಸುಲಿನೋಮಾದ ಶಂಕೆ ಬಲವಾಗುತ್ತದೆ. ಆಗ ಪ್ರೆಡ್ನಿಸೊಲೋನ್‌ನಂಥ ಔಷಧವೋ ಶಸ್ತ್ರಚಿಕಿತ್ಸೆಯೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಹೋಗುವ ಮುನ್ನ ಇಂಥ ನಿದ್ರೆ ಮತ್ತೊಮ್ಮೆ ಬಂದರೆ ಅದು ಏಳುವ ಹೊತ್ತನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ಏಕೆಂದರೆ ಪರೀಕ್ಷೆಯ ಮೇಜಿನ ಮೇಲೆ ಯಾವ ಫೆರೆಟ್ಟೂ ಹಾಗೆ ನಿದ್ರಿಸಿ ತೋರಿಸುವುದಿಲ್ಲ.