ಕಾರ್ಡ್ ತಗೊಳ್ಳಿ, ಬಾಕಿ ಮಾತ್ರ ಉಳಿಸಬೇಡಿ

ಅಮೆರಿಕಕ್ಕೆ ಬಂದು ಎರಡು ತಿಂಗಳಾಯಿತು, ಕ್ರೆಡಿಟ್ ಕಾರ್ಡ್ ತಗೊಳ್ಳಲಾ ಬೇಡ್ವಾ, ಪ್ರತಿ ತಿಂಗಳೂ ಸ್ವಲ್ಪ ಬಾಕಿ ಉಳಿಸಿದರೆ ಕ್ರೆಡಿಟ್ ಸ್ಕೋರ್ ಬೇಗ ಏರುತ್ತಂತೆ, ನಿಜಾನಾ ಅಂತ ಕೇಳಿದ್ದೀರಿ. ಕಾರ್ಡ್ ತಗೊಳ್ಳಿ. ಬಾಕಿಯ ಮಾತು ಮಾತ್ರ ಶುದ್ಧ ಸುಳ್ಳು. ಹೊಸಬರ ಕಿವಿಗೆ ಯಾರಾದರೂ ಒಬ್ಬರು ಇದನ್ನು ಹಾಕೇ ಹಾಕುತ್ತಾರೆ!

ಸಾಲ ಅಂದ್ರೆ ಶೂಲ ಅಂತ ಕೇಳಿ ಬೆಳೆದವರು ನಾವು, ಹಿಂಜರಿಕೆ ಸಹಜ. ಆದರೆ ಇಲ್ಲಿ ಬಾಡಿಗೆ ಮನೆ ಕೇಳಿದರೂ, ಕಾರಿಗೆ ಸಾಲ ಕೇಳಿದರೂ ಮೊದಲು ನೋಡುವುದು ಕ್ರೆಡಿಟ್ ಸ್ಕೋರ್. ಸಾಲವನ್ನು ನೀವು ಎಷ್ಟು ಸರಿಯಾಗಿ ತೀರಿಸುತ್ತೀರಿ ಅಂತ ತೋರಿಸುವ, 300ರಿಂದ 850ರವರೆಗಿನ ಅಂಕಿ ಅದು. ಭಾರತದ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಮಾಮೂಲಿ ಕಾರ್ಡ್ ಸಿಗದಿದ್ದರೆ ಸೆಕ್ಯೂರ್ಡ್ ಕಾರ್ಡ್ ಕೇಳಿ. ಇನ್ನೂರು ಮುನ್ನೂರು ಡಾಲರ್ ಡೆಪಾಸಿಟ್ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ.

ಇನ್ನು ಹಣ ಕಟ್ಟುವ ವಿಷಯ. ಆ್ಯಪ್ ತೆರೆದರೆ ಮೂರು ಅಂಕಿ ಕಾಣುತ್ತವೆ: ಮಿನಿಮಮ್ ಪೇಮೆಂಟ್ (ಕನಿಷ್ಠ ಕಟ್ಟಲೇಬೇಕಾದದ್ದು), ಸ್ಟೇಟ್‌ಮೆಂಟ್ ಬ್ಯಾಲೆನ್ಸ್ (ತಿಂಗಳ ಬಿಲ್ಲಿನಲ್ಲಿ ಬಂದ ಪೂರ್ತಿ ಬಾಕಿ), ಕರೆಂಟ್ ಬ್ಯಾಲೆನ್ಸ್ (ಬಿಲ್ ಆದ ಮೇಲಿನ ಖರ್ಚೂ ಸೇರಿ ಇವತ್ತಿನ ಬಾಕಿ). ಹೊಸಬರು ಎಡವುವುದು ಇಲ್ಲೇ. ಮಿನಿಮಮ್ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ಅಷ್ಟೇ. ಬಡ್ಡಿ ಓಡುತ್ತಲೇ ಇರುತ್ತದೆ. ವರ್ಷಕ್ಕೆ 24 ಪರ್ಸೆಂಟ್ ಬಡ್ಡಿಯ ಕಾರ್ಡಿನಲ್ಲಿ 3,000 ಡಾಲರ್ ಬಾಕಿ ಇದೆ ಅನ್ನಿ. ತಿಂಗಳ ಬಡ್ಡಿಯೇ 60 ಡಾಲರ್. ನೀವು 90 ಕಟ್ಟಿದರೆ ಅಸಲಿಗೆ ಹೋಗುವುದು 30 ಮಾತ್ರ. ಇನ್ನೊಂದು ಪೆಟ್ಟು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಬಿಲ್ ಪೂರ್ತಿ ಕಟ್ಟುವವರಿಗೆ ಕೊಂಡ ದಿನದಿಂದ ಕಟ್ಟುವ ದಿನದವರೆಗೆ ಬಡ್ಡಿ ಇರುವುದಿಲ್ಲ. ಒಮ್ಮೆ ಬಾಕಿ ಉಳಿಸಿದರೆ ಬಡ್ಡಿ ಇಲ್ಲದ ಆ ಅವಧಿಯೂ ಹೋಗುತ್ತದೆ, ಮುಂದೆ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಶುರು. ಹಾಗಾಗಿ ಸ್ಟೇಟ್‌ಮೆಂಟ್ ಬ್ಯಾಲೆನ್ಸ್ ಪೂರ್ತಿ ಹೋಗುವ ಹಾಗೆ ಇವತ್ತೇ ಆಟೋಪೇ ಹಾಕಿಬಿಡಿ. ಕಾರ್ಡಿನಿಂದ ನಗದು ಮಾತ್ರ ತೆಗೆಯಲೇಬೇಡಿ. ಅದಕ್ಕೆ ಅವಧಿ ಗಿವಧಿ ಏನೂ ಇಲ್ಲ, ಅವತ್ತಿಂದಲೇ ಬಡ್ಡಿ.

ಬಾಕಿಯ ಸುಳ್ಳು ಹುಟ್ಟಿದ್ದು ಬಹುಶಃ ಇಲ್ಲಿಂದ: ಸ್ಟೇಟ್‌ಮೆಂಟ್ ದಿನ ಕಾರ್ಡಿನಲ್ಲಿ ಎಷ್ಟು ಬಳಕೆ ಇದೆಯೋ ಅದನ್ನೇ ಸಾಮಾನ್ಯವಾಗಿ ಕ್ರೆಡಿಟ್ ಬ್ಯೂರೋಗಳಿಗೆ, ಅಂದ್ರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ, ತಿಳಿಸುತ್ತಾರೆ. ಕಾರ್ಡ್ ಬಳಸಿದ್ದು ಅಷ್ಟರಿಂದಲೇ ಗೊತ್ತಾಗುತ್ತದೆ. ಅದಕ್ಕೆ ಬಡ್ಡಿ ಕಟ್ಟಬೇಕಾಗಿಲ್ಲ. ಆ ಬಳಕೆ ಮಿತಿಯ 30 ಪರ್ಸೆಂಟಿಗಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. 500 ಡಾಲರ್ ಮಿತಿಯಲ್ಲಿ ಒಂದು ವಿಮಾನದ ಟಿಕೆಟ್ ತಗೊಂಡರೆ ಕಥೆ ಮುಗೀತು, ಅಲ್ವಾ? ಅಂಥ ತಿಂಗಳು ಸ್ಟೇಟ್‌ಮೆಂಟ್ ಬರುವ ಮೊದಲೇ ಹೆಚ್ಚಿನ ಪಾಲು ಕಟ್ಟಿಬಿಡಿ.

ಖರ್ಚಿನ ಬಗ್ಗೆ ಒಂದು ಮಾತು. ಈಗ ನೀವು ಎಲ್ಲವನ್ನೂ ರೂಪಾಯಿಗೆ ಲೆಕ್ಕ ಹಾಕಿ ಬೆಚ್ಚಿಬೀಳುತ್ತಿರಬಹುದು. ಆರೇಳು ತಿಂಗಳಲ್ಲಿ ಆ ಅಭ್ಯಾಸ ಹೋಗುತ್ತದೆ. ಕೈ ಸಡಿಲವಾಗುವುದು ಆಗಲೇ. ಇಲ್ಲಿ ಹತ್ತು ಡಾಲರ್, ಅಲ್ಲಿ ಹದಿನೈದು, ಜೊತೆಗೆ ಸುಮ್ನೆ ಟ್ರಯಲ್‌ಗೆ ಅಂತ ಸೇರಿ ಮರೆತುಬಿಟ್ಟ ಚಂದಾಗಳು. ವಾರಕ್ಕೊಮ್ಮೆ ಕಾರ್ಡಿನ ಲೆಕ್ಕವನ್ನು ಸಾಲು ಸಾಲಾಗಿ ಓದಿ. ಗೊತ್ತಿಲ್ಲದ ಖರ್ಚು ಕಂಡರೆ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ. ಬೇರೆಯವರು ನಿಮ್ಮ ಕಾರ್ಡ್ ಕದ್ದು ಬಳಸಿದರೆ ಕಾನೂನಿನ ಪ್ರಕಾರ ನಿಮ್ಮ ಹೊಣೆ 50 ಡಾಲರ್ ದಾಟುವುದಿಲ್ಲ. ಅಂಗಡಿಯ ಕೌಂಟರಿನಲ್ಲಿ "ನಮ್ಮ ಕಾರ್ಡ್ ತಗೊಂಡ್ರೆ ಇವತ್ತೇ ರಿಯಾಯಿತಿ" ಅಂದರೆ ನಕ್ಕು ಮುಂದೆ ಹೋಗಿ. ಆ ಕಾರ್ಡುಗಳ ಬಡ್ಡಿ ಸಾಮಾನ್ಯವಾಗಿ ಇನ್ನೂ ಜಾಸ್ತಿ.

ಅಕಸ್ಮಾತ್ ಕಟ್ಟುವ ದಿನ ತಪ್ಪಿಹೋದರೆ ಗಾಬರಿ ಬೇಡ. ಬ್ಯೂರೋಗೆ ವರದಿ ಹೋಗುವುದು 30 ದಿನ ದಾಟಿದ ಮೇಲೆ. ಹೋದರೆ ಮಾತ್ರ ಏಳು ವರ್ಷ ಅಳಿಯುವುದಿಲ್ಲ. ಕೂಡಲೇ ಪೂರ್ತಿ ಕಟ್ಟಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಮೊದಲ ಸಲವಾದರೆ ಎಷ್ಟೋ ಬ್ಯಾಂಕುಗಳು ಲೇಟ್ ಫೀ ಬಿಟ್ಟುಬಿಡುತ್ತವೆ, ಆದರೆ ಬಾಯಿಬಿಟ್ಟು ಕೇಳಬೇಕು.